ಸುಖಿಯೊಡನೆ ಮೈತ್ರಿ
ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಹುಟ್ಟಿದ್ದು ಈಗಿನ ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ. 2023ರ ಜನವರಿ 2ರಂದು ಲಿಂಗೈಕ್ಯರಾದ ಅವರು, ತಮಗೆ ಸ್ಮಾರಕ ಬೇಡವೆಂದು ಮೊದಲೇ ಬರೆದಿಟ್ಟಿದ್ದರು. ಜೇಬಿಲ್ಲದ ಬಿಳಿ ಅಂಗಿಯ ಆ ಸಂತ ಪತಂಜಲಿಯ ಯೋಗಸೂತ್ರವನ್ನೂ ಹಳ್ಳಿಯವರಿಗೆ ತಿಳಿಗನ್ನಡದಲ್ಲಿ ಬಿಡಿಸಿ ಹೇಳಿದವರು. ಮನಸ್ಸು ತಿಳಿಯಾಗಲು ಆ ಗ್ರಂಥದ ಮೊದಲ ಪಾದ ಹೇಳುವುದು ನಾಲ್ಕು: ಸುಖಿಗಳೊಡನೆ ಮೈತ್ರಿ, ದುಃಖಿಗಳಲ್ಲಿ ಕರುಣೆ, ಪುಣ್ಯವಂತರನ್ನು ಕಂಡು ಹಿಗ್ಗು, ಕೆಟ್ಟದ್ದರ ಬಗೆಗೆ ಉಪೇಕ್ಷೆ. ನನಗಂತೂ ಮೊದಲನೆಯದೇ ಎಲ್ಲಕ್ಕಿಂತ ಕಠಿಣ ಎನಿಸುತ್ತದೆ. ತಿಕೋಟಾವಿರಲಿ ಬಬಲೇಶ್ವರವಿರಲಿ, ಸಾವಿನ ಮನೆಗೆ ಯಾರೂ ಕರೆಯದೆಯೇ ಹೋಗುತ್ತೇವೆ. ಆದರೆ ತನ್ನ ದ್ರಾಕ್ಷಿ ತೋಟ ಅಕಾಲಿಕ ಮಳೆಗೆ ಹಾಳಾಗಿ, ಅಣ್ಣನ ಒಣದ್ರಾಕ್ಷಿಗೆ ಒಳ್ಳೆಯ ದರ ಸಿಕ್ಕ ವರ್ಷ ತಮ್ಮನಿಗೆ ಅಣ್ಣನ ಹೊಸ್ತಿಲು ದಾಟಲು ಕಾಲೇ ಏಳುವುದಿಲ್ಲ. ‘ಅವನಿಗೀಗ ಸೊಕ್ಕು ಬಂದದ’ ಎಂಬ ಮಾತು ಹುಟ್ಟುವುದು ಆಗಲೇ. ಅಣ್ಣನಲ್ಲಿ ಕಂಡ ಆ ಸೊಕ್ಕು ಬಹಳ ಸಲ ನಮ್ಮ ನೋವೇ ಆಗಿರುತ್ತದೆ. ಅದನ್ನು ಗುರುತಿಸುವುದೇ ದೊಡ್ಡ ಸಾಧನೆ. ಹೋಗಿ ಕೂತು, ‘ಛಲೋ ಆತು ಯಣ್ಣಾ, ನಂದು ಮಾತ್ರ ಎಲ್ಲಾ ಹೋತು ನೋಡು’ ಅಂದರೆ, ಮುಂದಿನ ಚಾಟ್ನಿಯ, ಅಂದರೆ ಬಳ್ಳಿ ಸವರುವ ಕೆಲಸದ, ಖರ್ಚಿನ ಮಾತನ್ನು ಅಣ್ಣನೇ ಎತ್ತಿಯಾನು.