ಬಿರುಗಾಳಿ ಬೀಸಿತು, ಪಾಪಿ ಬದಲಾದ... ಅಷ್ಟೇನಾ?

'ಅಮೇಜಿಂಗ್ ಗ್ರೇಸ್' ಹಾಡಿನ ಹಿಂದಿನ ಕತೆ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುತ್ತೆ. ಚರ್ಚಿಗೆ ಕಾಲಿಡದವರೂ ಈ ಹಾಡನ್ನ ಯಾವುದಾದರೂ ಸಿನಿಮಾದಲ್ಲಿ ಕೇಳಿರ್ತಾರೆ. ಕತೆ ಹೀಗೆ ಹೇಳ್ತಾರೆ: ಜಾನ್ ನ್ಯೂಟನ್ ಅಂತ ಒಬ್ಬ ಇಂಗ್ಲಿಷ್ ನಾವಿಕ. ಆಫ್ರಿಕಾದಿಂದ ಗುಲಾಮರನ್ನು ತುಂಬಿಕೊಂಡು ಹೋಗುವ ಹಡಗಿನ ಕ್ಯಾಪ್ಟನ್. ಒಂದು ರಾತ್ರಿ ಸಮುದ್ರದಲ್ಲಿ ಬಿರುಗಾಳಿ. ಹಡಗು ಮುಳುಗೇ ಹೋಯ್ತು ಅನ್ನುವಾಗ ದೇವರನ್ನು ಕೂಗಿದ, ಬದುಕಿಕೊಂಡ, ಬದಲಾದ. ಹಡಗನ್ನು ಹಿಂದಕ್ಕೆ ತಿರುಗಿಸಿ ಗುಲಾಮರನ್ನೆಲ್ಲ ಬಿಟ್ಟುಬಿಟ್ಟ (ಇದು ಎಲ್ಲರೂ ಹೇಳಲ್ಲ, ಸ್ವಲ್ಪ ಉತ್ಸಾಹ ಜಾಸ್ತಿ ಇರೋರು ಸೇರಿಸ್ತಾರೆ). ಆಮೇಲೆ ಕೂತು ಈ ಹಾಡು ಬರೆದ. ಶುಭಂ.

ಕ್ರಿಸ್‌ಮಸ್ ಕೂಟಗಳಲ್ಲಿ, ಯುವಜನರ ಶಿಬಿರಗಳಲ್ಲಿ, ಈಗ ವಾಟ್ಸಾಪ್ ಫಾರ್ವರ್ಡುಗಳಲ್ಲಿ... ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಟ್ಟಿಲ್ಲ. ನಾನೂ ಕ್ರೈಸ್ತ ಮನೆಯವನೇ. ಕರಾವಳಿ ಕಡೆಯ ಪ್ರಾಟೆಸ್ಟಂಟರು ನಾವು. 'ಕೃಪೆ' ಅನ್ನೋ ಪದವನ್ನ ಊಟದ ಮುಂಚಿನ ಪ್ರಾರ್ಥನೆಯ ಜೊತೆಗೇ ಕಲಿತವನು. ಹಾಗಾಗಿ ಹೊರಗೆ ನಿಂತು ಕಲ್ಲು ಹೊಡೀತಿದ್ದಾನೆ ಅಂದ್ಕೋಬೇಡಿ. ಒಳಗಿನಿಂದಲೇ ಹೇಳ್ತಿದ್ದೀನಿ, ಈ ಕತೆ ಸುಳ್ಳು. ಬರೀ ಸುಳ್ಳಾಗಿದ್ದರೆ ಬಿಟ್ಟುಬಿಡಬಹುದಿತ್ತು. ನನ್ನ ತಕರಾರು ಏನಂದ್ರೆ, ಕೃಪೆಯನ್ನು ನಿಜವಾಗಿ ನಂಬೋಕೆ ನಮ್ಮ ಕೈಲಿ ಆಗದೇ ಇರೋದ್ರಿಂದಲೇ ಈ ಸುಳ್ಳು ಹುಟ್ಟಿರೋದು.

ಮೊದಲು ಇಸವಿಗಳನ್ನ ಸರಿ ಮಾಡ್ಕೊಳ್ಳೋಣ. ನ್ಯೂಟನ್ ಹುಟ್ಟಿದ್ದು 1725ರಲ್ಲಿ, ಲಂಡನ್ನಿನಲ್ಲಿ. ಬಿರುಗಾಳಿ ಬಂದದ್ದು 1748ರ ಮಾರ್ಚಿನಲ್ಲಿ, ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ. ಹಡಗಿನ ಹೆಸರು ಗ್ರೇಹೌಂಡ್. ಅವನು ಅದರ ಕ್ಯಾಪ್ಟನ್ ಆಗಿರಲಿಲ್ಲ. ಅದರಲ್ಲಿ ಗುಲಾಮರೂ ಇರಲಿಲ್ಲ, ಇದ್ದದ್ದು ಜೇನುಮೇಣ, ದಂತ, ಬಣ್ಣ ತೆಗೆಯುವ ಮರ ಇಂಥ ಸರಕು. ಅವತ್ತು ಅವನು ದೇವರನ್ನು ಕೂಗಿದ್ದು ನಿಜ. ಬದುಕಿದ್ದು ನಿಜ. ಮುಂದೆ ವರ್ಷ ವರ್ಷವೂ ಆ ದಿನವನ್ನು ನೆನೆಸಿಕೊಂಡು ಪ್ರಾರ್ಥನೆ ಮಾಡ್ತಿದ್ದದ್ದೂ ನಿಜ.

ಆಮೇಲೆ? ಅದೇ ವರ್ಷ ಗುಲಾಮರ ಹಡಗೊಂದರಲ್ಲಿ ಅಧಿಕಾರಿಯಾಗಿ ಹೊರಟ. 1750ರಿಂದ 1754ರ ಒಳಗೆ ಮೂರು ಸಲ ತಾನೇ ಕ್ಯಾಪ್ಟನ್ ಆಗಿ ಆಫ್ರಿಕಾದ ತೀರಕ್ಕೆ ಹೋಗಿ ಜನರನ್ನು ಕೊಂಡು, ಸಾಗಿಸಿ, ಮಾರಿ ಬಂದ. ಇದೆಲ್ಲ 'ಮನಸ್ಸು ಬದಲಾದ' ಮೇಲೆ, ನೆನಪಿರಲಿ. ಭಾನುವಾರ ಡೆಕ್ಕಿನ ಮೇಲೆ ನಾವಿಕರಿಗೆ ಪ್ರಾರ್ಥನೆ ನಡೆಸ್ತಿದ್ದ, ಅದೇ ಹಲಗೆಯ ಕೆಳಗೆ ಜನ ಸರಪಳಿಯಲ್ಲಿ ಬಿದ್ದಿರ್ತಿದ್ದರು. ದಂಗೆಯ ಗುಮಾನಿ ಬಂದಾಗ ಹುಡುಗರ ಹೆಬ್ಬೆರಳನ್ನು ತಿರುಪಿನಲ್ಲಿ ಹಿಸುಕಿಸಿ ಬಾಯಿ ಬಿಡಿಸಿದ್ದನ್ನು ಹಡಗಿನ ದಿನಚರಿಯಲ್ಲಿ ತಾನೇ ಬರೆದಿಟ್ಟಿದ್ದಾನೆ. 1754ರಲ್ಲಿ ಸಮುದ್ರ ಬಿಟ್ಟದ್ದೂ ಮನಸ್ಸಾಕ್ಷಿ ಚುಚ್ಚಿ ಅಲ್ಲ. ಮುಂದಿನ ಪ್ರಯಾಣಕ್ಕೆ ಸಿದ್ಧನಾಗಿದ್ದಾಗ ಮೂರ್ಛೆ ಬಂದು ಬಿದ್ದ, ವೈದ್ಯರು ಹೋಗಬೇಡ ಅಂದರು. ಹತ್ತು ವರ್ಷ ಕಳೆದು, 1764ರಲ್ಲಿ ಬಂದ ಆತ್ಮಕತೆಯಲ್ಲಿ, ಆ ಕೆಲಸ ಮಾಡುವಾಗ ಅದು ತಪ್ಪು ಅಂತ ತನಗೆ ಅನ್ನಿಸಲೇ ಇಲ್ಲ ಅಂತ ಅವನೇ ಒಪ್ಪಿಕೊಂಡಿದ್ದಾನೆ. ಅದೇ ವರ್ಷ ಪಾದ್ರಿಯೂ ಆದ.

ಹಾಡು ಹುಟ್ಟಿದ್ದು ಬಿರುಗಾಳಿಯಾಗಿ ಸುಮಾರು 25 ವರ್ಷ ಆದ ಮೇಲೆ. ಓಲ್ನಿ ಅನ್ನೋ ಸಣ್ಣ ಊರಿನ ಚರ್ಚಿನಲ್ಲಿ 1773ರ ಹೊಸ ವರ್ಷದ ದಿನದ ಪ್ರಸಂಗಕ್ಕೆ ಅಂತ ಬರೆದದ್ದು. ಆಧಾರ ಪೂರ್ವಕಾಲವೃತ್ತಾಂತದಲ್ಲಿ ಬರುವ ದಾವೀದನ ಪ್ರಾರ್ಥನೆ. ನಾವೀಗ ಹಾಡುವ ಮಟ್ಟು ಅದಕ್ಕೆ ಕೂಡಿದ್ದು 1835ರಲ್ಲಿ, ಅಮೆರಿಕದಲ್ಲಿ, ನ್ಯೂಟನ್ ಸತ್ತು ಎಷ್ಟೋ ವರ್ಷ ಆದ ಮೇಲೆ. ಗುಲಾಮರ ವ್ಯಾಪಾರದ ವಿರುದ್ಧ ಅವನು ಪುಸ್ತಿಕೆ ಅಚ್ಚು ಹಾಕಿಸಿದ್ದು 1788ರಲ್ಲಿ. ಬಿರುಗಾಳಿಯಿಂದ ಅಲ್ಲಿಗೆ ಲೆಕ್ಕ ಹಾಕಿ. ನಲವತ್ತು ವರ್ಷ!

ಈಗ ಜಗಳಕ್ಕೆ ಬರೋಣ.

ಈ ಇಸವಿಗಳನ್ನ ಹೇಳಿದ ತಕ್ಷಣ ಎರಡು ಗುಂಪಿನವರು ಎದ್ದು ನಿಲ್ತಾರೆ. ಒಬ್ಬರು ನಮ್ಮವರು: "ಇದೆಲ್ಲ ಯಾಕಪ್ಪಾ, ಕೇಳೋರ ನಂಬಿಕೆ ಕೆಡುತ್ತೆ." ಇನ್ನೊಬ್ಬರು ನನ್ನ ನಾಸ್ತಿಕ ಗೆಳೆಯರು: "ನೋಡಿದ್ಯಾ, ನಿಮ್ಮ ಕೃಪೆ ಅಂದ್ರೆ ಇಷ್ಟೇ, ಮಾಡಬಾರದ್ದು ಮಾಡಿ ಸಾರಿ ಅನ್ನೋ ಡಿಲೀಟ್ ಬಟನ್ನು." ಇವರಿಬ್ಬರೂ ಬದ್ಧ ವೈರಿಗಳು ಅಂತ ಕಾಣುತ್ತೆ, ಆದ್ರೆ ಇಬ್ಬರೂ ಹೇಳ್ತಿರೋದು ಒಂದೇ. ದೇವರ ಕ್ಷಮೆ ಅನ್ನೋದು ಸಂಬಳ, ಅದಕ್ಕೆ ತಕ್ಕ ಕೆಲಸ ಕಾಣಬೇಕು ಅಂತ. ನಮ್ಮವರು ಕೆಲಸ ಆಗಿದೆ ಅಂತ ತೋರಿಸೋಕೆ ಕತೆ ತಿದ್ದುತ್ತಾರೆ. ಗೆಳೆಯರು ಕೆಲಸ ಆಗಿಲ್ಲ, ಹಾಗಾಗಿ ಸಂಬಳ ಕೊಟ್ಟದ್ದು ಮೋಸ ಅಂತಾರೆ.

ಸಂಬಳದ ಲೆಕ್ಕವನ್ನ ಪೌಲ ರೋಮಾಪುರದವರಿಗೆ ಬರೆದ ಪತ್ರದಲ್ಲೇ ತಳ್ಳಿಹಾಕಿದ್ದಾನೆ ಸ್ವಾಮಿ. ದುಡಿದವನಿಗೆ ಸಿಗೋದು ಕೂಲಿ, ಅದು ದಾನ ಅಲ್ಲ, ಅದು ಕೊಡಲೇಬೇಕಾದ ಬಾಕಿ; ಕೃಪೆ ಆ ಜಾತಿಯದ್ದೇ ಅಲ್ಲ, ಇದು ಅವನ ವಾದದ ತಿರುಳು. ಯೇಸು ಹೇಳಿದ ದ್ರಾಕ್ಷಿತೋಟದ ಕತೆಯಲ್ಲಿ ಬೆಳಿಗ್ಗೆಯಿಂದ ಬಿಸಿಲಲ್ಲಿ ಬೆಂದವನಿಗೂ ಸಂಜೆ ಒಂದು ಗಂಟೆ ಕೆಲಸ ಮಾಡಿದವನಿಗೂ ಒಂದೇ ಕೂಲಿ. ನಮ್ಮ ಆಫೀಸಿನಲ್ಲಿ ಹಾಗೇನಾದ್ರೂ ಆಗಿದ್ರೆ ಎಚ್ಆರ್‌ಗೆ ಎಷ್ಟು ಮೇಲ್ ಹೋಗ್ತಿತ್ತೋ :) ನಾವೆಲ್ಲ ಅಪ್ರೈಸಲ್ ನೀರು ಕುಡಿದು ಬೆಳೆದವರು. ಎಸ್ಎಸ್ಎಲ್‌ಸಿ ಅಂಕ, ಸಿಇಟಿ ರ್‍ಯಾಂಕು, ಕ್ಯಾಂಪಸ್ ಇಂಟರ್‌ವ್ಯೂ, ಆಮೇಲೆ ವರ್ಷಕ್ಕೊಂದು ರೇಟಿಂಗು. ಅಂಕ ಇಲ್ಲದೆ ಒಬ್ಬ ಮನುಷ್ಯನನ್ನ ಒಪ್ಪಿಕೊಳ್ಳಬಹುದು ಅನ್ನೋದೇ ನಮಗೆ ಅನುಮಾನ. ಚರ್ಚಿಗೆ ಬಂದ್ರೂ ಅದೇ ಎಕ್ಸೆಲ್ ಶೀಟು ತೆರೆದು ಕೂರ್ತೀವಿ.

ಇದು ಪ್ರಾಟೆಸ್ಟಂಟರ ಹಳೇ ಹಟ ಅಂತ ತಳ್ಳಿಹಾಕೋಕೂ ಆಗಲ್ಲ. ಲೂಥರನ ಕಾಲದಿಂದ ಈ ವಿಷಯಕ್ಕೆ ಕಚ್ಚಾಡಿದ ಲೂಥರನ್ನರೂ ಕ್ಯಾಥಲಿಕ್ಕರೂ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಒಟ್ಟಿಗೆ ಸಹಿ ಹಾಕಿದ್ದಾರೆ: ದೇವರು ಮನುಷ್ಯನನ್ನು ಒಪ್ಪಿಕೊಳ್ಳೋದು ಅವನ ಯೋಗ್ಯತೆ ನೋಡಿ ಅಲ್ಲ, ಕೃಪೆಯಿಂದ. ಕಾಗದದ ಮೇಲೆ ಎಲ್ಲರೂ ಒಪ್ಪಿದ್ದಾರೆ. ವೇದಿಕೆ ಮೇಲೆ ಮೈಕ್ ಹಿಡಿದಾಗ ಮರೆತುಹೋಗುತ್ತೆ.

ನಮ್ಮ ಸಭೆಗಳಲ್ಲಿ 'ಸಾಕ್ಷಿ ಹೇಳೋದು' ಅಂತ ಒಂದಿದೆ, ಗೊತ್ತಿಲ್ಲದವರಿಗೆ ಹೇಳ್ತೀನಿ. ದೇವರು ತನ್ನ ಬದುಕಲ್ಲಿ ಏನು ಮಾಡಿದ ಅಂತ ಒಬ್ಬೊಬ್ಬರೇ ಎದ್ದು ಹೇಳೋದು. ಒಳ್ಳೇ ಪದ್ಧತಿ. ಆದ್ರೆ ಕೇಳ್ತಾ ಹೋದ್ರೆ ಎಲ್ಲವೂ ಸೋಪಿನ ಜಾಹೀರಾತಿನ ಹಾಗೆ, ಮೊದಲು ಕೊಳೆ, ಆಮೇಲೆ ಬಿಳುಪು. ಕುಡೀತಿದ್ದೆ, ಈಗ ಇಲ್ಲ. ಸಾಲ ಇತ್ತು, ಈಗ ಸೈಟು ತಗೊಂಡಿದೀನಿ. ಖಿನ್ನತೆ ಇತ್ತು, ಪ್ರಾರ್ಥನೆ ಮಾಡಿದೆ, ಮಾತ್ರೆ ಬಿಟ್ಟೆ (ದಯವಿಟ್ಟು ಯಾರೂ ಹೀಗೆ ಮಾತ್ರೆ ಬಿಡಬೇಡಿ). 'ಆಮೇಲೆ' ಇನ್ನೂ ಬಾರದವರು ಎಲ್ಲಿ ಹೋಗಬೇಕು? ನಂಬಿಕೆ ಇದೆ, ಆದ್ರೆ ಕುಡಿತ ಇನ್ನೂ ಬಿಟ್ಟಿಲ್ಲ ಅನ್ನೋನು ಎದ್ದು ನಿಂತದ್ದನ್ನ ನಾನಂತೂ ಕಂಡಿಲ್ಲ. ಅಂಥವರು ಇಲ್ಲ ಅಂತಲ್ಲ. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿರ್ತಾರೆ. ತಿದ್ದಿದ ನ್ಯೂಟನ್ ಕತೆ ಕೇಳಿ ಕೇಳಿ, ಒಂದೇ ರಾತ್ರಿಯಲ್ಲಿ ಬದಲಾಗದ ತನಗೆ ಕೃಪೆ ತಲುಪೇ ಇಲ್ಲ ಅಂದ್ಕೊಂಡು ಒಂದು ದಿನ ಬರೋದನ್ನೇ ನಿಲ್ಲಿಸ್ತಾರೆ. ಪಾಪಿಗಳಿಗೆ ಅಂತ ಕಟ್ಟಿದ ಮನೆಯಲ್ಲಿ ಪಾಪಿಯೇ ಬಾಯಿ ಬಿಡೋ ಹಾಗಿಲ್ಲ ಅಂದ್ರೆ ಏನು ಹೇಳೋದು?

ಇನ್ನು ಡಿಲೀಟ್ ಬಟನ್ ಗೆಳೆಯರಿಗೆ. ನಿಮ್ಮ ಪ್ರಶ್ನೆ ಹಳೇದು, ಕೃಪೆ ಹೆಚ್ಚಲಿ ಅಂತ ಪಾಪ ಮಾಡ್ತಾನೇ ಇರೋಣವೇ ಅಂತ ಪೌಲನೇ ಕೇಳ್ಕೊಂಡು ಖಂಡಿತ ಇಲ್ಲ ಅಂತ ಉತ್ತರಿಸಿದ್ದಾನೆ. ಆದ್ರೂ ಪ್ರಶ್ನೆ ಗಟ್ಟಿಯಾಗಿದೆ, ಯಾಕಂದ್ರೆ ನ್ಯೂಟನ್‌ಗೆ ಶಾಂತಿ ಸಿಕ್ಕಿದ ಆರು ವರ್ಷದಲ್ಲಿ ಅವನ ಹಡಗಿನ ಅಡಿಯಲ್ಲಿದ್ದವರಿಗೆ ಸಿಕ್ಕಿದ್ದು ಸರಪಳಿ. ಅವರ ಪರವಾಗಿ ಕ್ಷಮಿಸೋ ಹಕ್ಕು ನನಗಿಲ್ಲ, ನನ್ನ ಪಾಸ್ಟರಿಗೂ ಇಲ್ಲ. ದೇವರ ಮುಂದೆ ಸಾಲ ಮನ್ನಾ ಆಯ್ತು ಅಂದ್ರೆ ನೆರೆಯವನಿಂದ ಕಿತ್ತುಕೊಂಡದ್ದು ನನ್ನದಾಗಲ್ಲ. ಲೂಕನ ಸುವಾರ್ತೆಯಲ್ಲಿ ಸುಂಕದವನಾದ ಜಕ್ಕಾಯ ಇದ್ದಾನಲ್ಲ, ಅವನ ಮನೆಗೆ ಯೇಸು ತಾನಾಗಿ ಉಳಿಯೋಕೆ ಬರ್ತಾನೆ, ಒಂದು ಷರತ್ತೂ ಹಾಕದೆ. ಜಕ್ಕಾಯ ತಾನೇ ಎದ್ದು, ಮೋಸದಿಂದ ತಗೊಂಡದ್ದನ್ನ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂತಾನೆ. ಅಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅಂತ ಗಮನಿಸಿ. ವಾಪಸ್ ಕೊಟ್ಟದ್ದಕ್ಕೆ ಅತಿಥಿ ಬಂದದ್ದಲ್ಲ. ಹಾಗಂತ ಅತಿಥಿ ಬಂದ ಅಂತ ಗಂಟು ಇಟ್ಕೊಳ್ಳಲೂ ಇಲ್ಲ.

ನ್ಯೂಟನ್ 1788ರಲ್ಲಿ ಮಾಡಿದ್ದನ್ನ ಹೀಗೆ ನೋಡಬೇಕು ಅಂತ ನನಗನ್ಸುತ್ತೆ. ಆಗ ಅವನಿಗೆ ಅರವತ್ತು ದಾಟಿತ್ತು. ಲಂಡನ್ನಿನ ಹೆಸರಾಂತ ಪಾದ್ರಿ, ಹಾಡುಗಳ ಪುಸ್ತಕ ಜನಪ್ರಿಯವಾಗಿತ್ತು, ದೊಡ್ಡ ಮನುಷ್ಯರು ಸಲಹೆ ಕೇಳೋಕೆ ಬರ್ತಿದ್ದರು. ಸುಮ್ಮನಿದ್ದಿದ್ದರೆ ಯಾರೂ ಕೇಳ್ತಿರಲಿಲ್ಲ. ಬದಲು, ಹಡಗಿನಲ್ಲಿ ಜನರನ್ನು ಮಗ್ಗುಲು ಬದಲಿಸೋಕೂ ಜಾಗ ಇಲ್ಲದ ಹಾಗೆ ತುಂಬುತ್ತಿದ್ದದ್ದು, ಹೆಂಗಸರಿಗೆ ಆಗ್ತಿದ್ದದ್ದು, ದಂಗೆಯೆದ್ದವರಿಗೆ ಕೊಡ್ತಿದ್ದ ಹಿಂಸೆ, ಎಲ್ಲವನ್ನೂ ಬರೆದ. ತಾನೂ ಅದರಲ್ಲಿ ಕೈ ಆಡಿಸಿದವನು, ಈ ತಪ್ಪೊಪ್ಪಿಗೆ ತೀರಾ ತಡವಾಯ್ತು ಅನ್ನೋದನ್ನೂ ಬರೆದ. ಸರ್ಕಾರದ ವಿಚಾರಣೆಗಳಲ್ಲಿ ಸಾಕ್ಷಿ ಹೇಳಿದ. ಈ ಸಾಕ್ಷಿಯಲ್ಲಿ ಸೋಪಿನ ಬಿಳುಪು ಇರಲಿಲ್ಲ. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದ್ರೆ, ಲಾಗ್ ಅಳಿಸಿ ಕೈ ತೊಳೆದುಕೊಳ್ಳಲಿಲ್ಲ, ತನ್ನ ವಿರುದ್ಧವೇ ಇದ್ದ ಲಾಗನ್ನ ತೆಗೆದು ಎಲ್ಲರ ಮುಂದೆ ಇಟ್ಟ. ತನ್ನ ಬೆಲೆ ತನ್ನ ಒಳ್ಳೇ ಹೆಸರಿನ ಮೇಲೆ ನಿಂತಿದೆ ಅಂದ್ಕೊಂಡವನ ಕೈಲಿ ಅದು ಆಗಲ್ಲ. ಕೃಪೆಯಿಂದ ಬಿಡುಗಡೆ ಅಂತ ನಾವು ಹಾಡ್ತೀವಲ್ಲ, ನನಗೆ ಅರ್ಥವಾಗೋ ಬಿಡುಗಡೆ ಇದು: ಹೆಸರು ಕಾಪಾಡಿಕೊಳ್ಳೋ ಚಾಕರಿಯಿಂದ ಬಿಡುಗಡೆ. ನಲವತ್ತು ವರ್ಷ ತಡ ಅನ್ನೋದು ಮಾತ್ರ ತಡವೇ, ಅದನ್ನ ನಾನು ಮುಚ್ಚಿಡಲ್ಲ. ಬ್ರಿಟನ್ ಗುಲಾಮರ ವ್ಯಾಪಾರವನ್ನು ನಿಷೇಧಿಸಿದ್ದು 1807ರ ಮಾರ್ಚಿನಲ್ಲಿ. ಅದೇ ಡಿಸೆಂಬರಿನಲ್ಲಿ ನ್ಯೂಟನ್ ತೀರಿಕೊಂಡ.

ಸಂತೋಷದ ಬಗ್ಗೆ ಒಂದು ಮಾತು ಉಳಿದಿದೆ. ನಂಬಿಕೆ ಇದ್ದವನ ಮುಖದಲ್ಲಿ ಸಂತೋಷ ಕುಣೀತಿರಬೇಕು, ಇಲ್ಲದಿದ್ರೆ ಎಲ್ಲೋ ಪಾಪ ಅಡಗಿದೆ ಅಂತ ಹೇಳೋರು ವಿಲಿಯಂ ಕೂಪರ್ ಹೆಸರು ಕೇಳಿಲ್ಲ ಅಂತ ಕಾಣುತ್ತೆ. ಆ ಹಾಡು ಅಚ್ಚಾದ 1779ರ 'ಓಲ್ನಿ ಹಿಮ್ಸ್' ಪುಸ್ತಕ ನ್ಯೂಟನ್ ಒಬ್ಬನದಲ್ಲ, ಕೂಪರ್ ಕೂಡ ಅದಕ್ಕೆ ಬರೆದಿದ್ದಾನೆ. ನ್ಯೂಟನ್‌ನ ನೆರೆಯವನು, ಪ್ರಾಣ ಸ್ನೇಹಿತ, ಇಂಗ್ಲಿಷಿನ ದೊಡ್ಡ ಕವಿಗಳಲ್ಲಿ ಒಬ್ಬ. ಹೊಸ ವರ್ಷದ ದಿನ ಆ ಹಾಡು ಬಂದ ಅದೇ 1773ರ ಜನವರಿಯಲ್ಲಿ ಕೂಪರ್‌ಗೆ ಖಿನ್ನತೆ ಭಯಂಕರವಾಗಿ ಮರುಕಳಿಸಿತು. ದೇವರು ತನ್ನೊಬ್ಬನನ್ನು ಕೈಬಿಟ್ಟಿದ್ದಾನೆ ಅನ್ನೋ ನಂಬಿಕೆ ಗಟ್ಟಿಯಾಯ್ತು, 1800ರಲ್ಲಿ ಸಾಯೋವರೆಗೂ ಪೂರ್ತಿ ಬಿಡಲಿಲ್ಲ. ಆ ನಡುವೆಯೇ ಗುಲಾಮಗಿರಿಯ ವಿರುದ್ಧ ಕವಿತೆಗಳನ್ನೂ ಬರೆದ, ಅದೂ 1788ರಲ್ಲೇ.

ಆಗ ನ್ಯೂಟನ್ ಏನು ಮಾಡಿದ? ನಿನ್ನ ನಂಬಿಕೆ ಸಾಲದು ಅಂತ ಪ್ರಸಂಗ ಕೊಡಲಿಲ್ಲ. 1773ರ ವಸಂತದಲ್ಲಿ ಕೂಪರ್ ಅವನ ಮನೆಗೇ ಬಂದು ಉಳಿದ, ಒಂದು ವರ್ಷಕ್ಕೂ ಹೆಚ್ಚು ಕಾಲ ಹೋಗಲಿಲ್ಲ, ಗಂಡ ಹೆಂಡತಿ ಇಟ್ಟುಕೊಂಡು ನೋಡಿಕೊಂಡರು. ಆ ಮನೆಯಲ್ಲಿದ್ದಷ್ಟು ದಿನವೂ ಕೂಪರ್ ಚರ್ಚಿನ ಬಾಗಿಲು ತುಳಿಯಲಿಲ್ಲ.

ಬೈಯೋರು ಬೈರಿ, ಬೇಜಾರಿಲ್ಲ. ಆದ್ರೆ ಇಸವಿ ಎಲ್ಲಾದ್ರೂ ತಪ್ಪಿದ್ರೆ ಮೊದಲು ಅದನ್ನ ಹೇಳಿ, ತಿದ್ದುತೀನಿ.