ಮನೆಯ ಪರದೆಯಲ್ಲಿ ಕಾಡಿನ ಮೊಕದ್ದಮೆ

ಮಕ್ಕಳು ಮೊಬೈಲಿನಲ್ಲಿ ಕೊಲೆ, ತನಿಖೆಗಳ ಧಾರಾವಾಹಿಗಳನ್ನೇ ನೋಡುತ್ತಾರೆ, ಅವುಗಳಲ್ಲಿ ನೋಡತಕ್ಕವು ಇವೆಯೇ ಎಂದು ಹೆತ್ತವರು ನನ್ನನ್ನು ಕೇಳುವುದುಂಟು. ವಕೀಲನಿಗೆ ಇದು ತಿಳಿದಿರಬೇಕೆಂಬ ನಂಬಿಕೆ ಅವರದು. ನೋಡತಕ್ಕವು ಇವೆ.

ನಾನು ಮೊದಲು ಹೆಸರಿಸುವುದು 2024ರ ‘ಪೋಚರ್’. ರಿಚಿ ಮೆಹ್ತಾ ನಿರ್ದೇಶಿಸಿದ ಎಂಟು ಕಂತುಗಳ ಈ ಕಥನ ಅಮೆಜಾನ್ ಪ್ರೈಮ್‌ನಲ್ಲಿದೆ. ಕೇರಳದ ಕಾಡುಗಳಲ್ಲಿ ದಂತಕ್ಕಾಗಿ ನಡೆದ ಆನೆಗಳ ಹತ್ಯೆ ಮತ್ತು 2015ರಲ್ಲಿ ಆರಂಭವಾದ ಅದರ ತನಿಖೆಯೇ ಇದರ ಆಧಾರ. ಬೇಟೆಗಾರರ ಜೊತೆಗಿದ್ದವನೊಬ್ಬ ಮನಸ್ಸಾಕ್ಷಿಯ ಕಾಟ ತಾಳಲಾರದೆ ಅರಣ್ಯ ಇಲಾಖೆಯ ಮುಂದೆ ಬಾಯಿಬಿಡುವಲ್ಲಿಂದ ಕಥೆ ಬಿಚ್ಚಿಕೊಳ್ಳುತ್ತದೆ. ನಿಮಿಷಾ ಸಜಯನ್ ಅವರ ಅರಣ್ಯಾಧಿಕಾರಿ ಮಾಲಾ, ಬೇಟೆಗಾರನೊಬ್ಬನ ಮಗಳು. ಆ ಪಾತ್ರದ ಬಿಗಿದ ಮೌನವೇ ಧಾರಾವಾಹಿಯ ಬಲ.

ಕಾನೂನಿನ ಕಣ್ಣಿಗೂ ಇದು ರುಚಿಸುತ್ತದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 50ನೇ ಕಲಮಿನಂತೆ ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿಯ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿ ಆರೋಪಿಯ ಸಮಕ್ಷಮ ದಾಖಲಿಸಿದ ಸಾಕ್ಷ್ಯವನ್ನು ಮುಂದಿನ ವಿಚಾರಣೆಯಲ್ಲಿ ಪರಿಗಣಿಸಬಹುದು. ಇಲ್ಲಿನ ತನಿಖೆ ದೂರವಾಣಿ ಕರೆಗಳ ಜಾಡನ್ನೂ ಹಿಡಿಯುತ್ತದೆ. ಪರದೆಯ ಮೇಲೆ ಅದು ಕ್ಷಣದ ಕೆಲಸ. ನ್ಯಾಯಾಲಯದಲ್ಲಿ ಅಂಥ ಮುದ್ರಿತ ದಾಖಲೆಗೆ ಪ್ರಮಾಣಪತ್ರ ಬೇಕು. ಅದು ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ.

ದೇಲಂಪಾಡಿ, ಕಾರಡ್ಕ, ಮುಳಿಯಾರು ಕಡೆಯ ಕೃಷಿಕರಿಗೆ ಆನೆಯೆಂದರೆ ರಾತ್ರಿ ಬೆಳಗಾಗುವುದರೊಳಗೆ ಬಾಳೆ, ಕಂಗುಗಳನ್ನು ನೆಲಕ್ಕೊರಗಿಸಿದ ಪ್ರಾಣಿ. ಅವರ ಸಂಕಟಕ್ಕೆ ಈ ಕಥನದಲ್ಲಿ ಅಷ್ಟು ಜಾಗವಿಲ್ಲ. ಅದು ನನಗೆ ಕಂಡ ಕೊರತೆ. ಆದರೂ ಅಂಥ ಮನೆಯಲ್ಲೇ ಇದನ್ನು ನೋಡಿ ವಾದಿಸಬೇಕು. ಆನೆಯನ್ನು ಕೊಂದವನಿಗೆ ಮೂರರಿಂದ ಏಳು ವರ್ಷ ಸಜೆಯಾಗುವ ಕಾನೂನು, ತೋಟ ಕಳೆದುಕೊಂಡವನಿಗೆ ಏನು ಕೊಡುತ್ತದೆಂದು ಮಕ್ಕಳು ಕೇಳಲಿ.

‘ಕೇರಳ ಕ್ರೈಮ್ ಫೈಲ್ಸ್’ನ 2023ರ ಮೊದಲ ಸರಣಿಗೆ ಆರೇ ಕಂತು. ವಸತಿಗೃಹದ ದಾಖಲೆ ಪುಸ್ತಕದಲ್ಲಿನ ಸುಳ್ಳು ವಿಳಾಸವೊಂದನ್ನು ಹಿಡಿದು ಪೊಲೀಸರು ಅಲೆಯುವ ಕಥೆ. ವೀರಾವೇಶವಿಲ್ಲ, ನಡಿಗೆಯೇ ಹೆಚ್ಚು. ವಸ್ತು ಮಾತ್ರ ಪ್ರೌಢರದು. ಮಲಯಾಳದಲ್ಲಿ ನೋಡುವ ನಮ್ಮ ಮಕ್ಕಳಿಗೆ ಒಂದು ಮಾತು ಹೇಳಿಕೊಡಿ: ಅಲ್ಲಿ ‘ಪ್ರತಿ’ ಎಂದರೆ ಆರೋಪಿ, ನಮ್ಮಲ್ಲಿ ನಕಲು. ‘ಮಹಜರು’ ಮಾತ್ರ ಎರಡೂ ಕಡೆ ಒಂದೇ!

ಮೆಹ್ತಾ ಅವರದೇ ‘ಡೆಲ್ಲಿ ಕ್ರೈಮ್’ ಮೊದಲ ಸರಣಿ (2019) 2012ರ ದೆಹಲಿ ಪ್ರಕರಣದ ತನಿಖೆಯನ್ನು ಹೇಳುತ್ತದೆ, ಅತ್ಯಾಚಾರದ ದೃಶ್ಯವನ್ನು ತೋರಿಸದೆಯೇ. ಅದು ಹಿರಿಯರಿಗೆ ಮಾತ್ರ.

ಈ ವೇದಿಕೆಗಳಿಗೆ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರದ ಕಟ್ಟಳೆಯಿಲ್ಲ. 2021ರ ನಿಯಮಗಳಂತೆ ಅವೇ 7, 13, 16 ಹಾಗೂ ವಯಸ್ಕರೆಂಬ ವರ್ಗ ನಮೂದಿಸಬೇಕು. 13ಕ್ಕೂ ಅದರ ಮೇಲಿನದಕ್ಕೂ ಹೆತ್ತವರು ಬೀಗ ಹಾಕುವ ವ್ಯವಸ್ಥೆ ಒದಗಿಸಬೇಕು. ಆ ಬೀಗವನ್ನು ಬಳಸಿ, ಗುಪ್ತಸಂಖ್ಯೆಯನ್ನು ಮಗನಿಂದಲೇ ಹಾಕಿಸಬೇಡಿ.

ಇನ್ನು ಕನ್ನಡದ್ದು. ರಮೇಶ್ ಇಂದಿರಾ ನಿರ್ದೇಶನದ ‘ಅಯ್ಯನ ಮನೆ’ (2025) ಜೀ5ರಲ್ಲಿದೆ. ಚಿಕ್ಕಮಗಳೂರಿನ ಹಳೆಯ ಮನೆ, ಅಲ್ಲಿ ಸೊಸೆಯಂದಿರ ನಿಗೂಢ ಸಾವು, ಹೊಸದಾಗಿ ಬಂದ ಸೊಸೆ ಜಾಜಿ. ಕಂತುಗಳು ಚಿಕ್ಕವು, ಮಾತು ನಮ್ಮದು. ಅಜ್ಜಿಯೂ ಜೊತೆಗೆ ಕೂರಬಹುದು.