ನಾವಿಲ್ಲದ ದಿನಕ್ಕೊಂದು ಕಾರ್ಡ್

ರಂಝಾನ್ ಬಂತೆಂದರೆ ನಮ್ಮ ಮೊಹಲ್ಲಾಗಳಲ್ಲಿ ಝಕಾತ್ ಹಣ ಮನೆ ಮನೆ ತಲುಪುತ್ತದೆ, ಕಿಟ್ ತಲುಪುತ್ತದೆ. ನಡೆಯಲಾಗದ ಮಗು ಯಾವ ಮನೆಯಲ್ಲಿದೆ, ಕಣ್ಣು ಕಾಣದ ಅಜ್ಜಿ ಯಾವ ಮನೆಯಲ್ಲಿದ್ದಾರೆ ಎಂಬುದು ಜಮಾಅತ್ ಕಮಿಟಿಯವರಿಗೆ ಬಾಯಿಪಾಠ. ಆಪರೇಶನ್‌ಗೆ ಹಣ ಬೇಕೆಂದು ವಾಟ್ಸ್‌ಆ್ಯಪ್‌ನಲ್ಲಿ ಮೆಸೇಜ್ ಬಿದ್ದರೆ ದುಬೈ, ದಮಾಮ್‌ನಿಂದಲೂ ನೆರವು ಬರುತ್ತದೆ. ಕೊಡುವ ವಿಷಯದಲ್ಲಿ ಬ್ಯಾರಿಗಳ ಕೈ ಬಿಗಿಯಲ್ಲ. ಆದರೆ ಅದೇ ಮನೆಯ ಬಾಗಿಲಲ್ಲಿ ನಿಂತು "ಮಗುವಿಗೆ ಯುಡಿಐಡಿ ಕಾರ್ಡ್ ಮಾಡಿಸಿದ್ದೀರಾ?" ಎಂದು ಕೇಳಿ ನೋಡಿ. ಎಷ್ಟೋ ಕಡೆ ಸಿಗುವ ಉತ್ತರ ಒಂದೇ: "ಅದೆಂತಕ್ಕೆ ಮಾರಾಯ್ರೆ? ನಾವು ಇದ್ದೇವಲ್ಲ."

ಈ "ನಾವು ಇದ್ದೇವಲ್ಲ" ಎಂಬ ಮಾತಿನಲ್ಲಿ ಪ್ರೀತಿ ಉಂಟು, ಅದನ್ನು ಅಲ್ಲಗಳೆಯುವುದಿಲ್ಲ. ಇಪ್ಪತ್ತು ವರ್ಷದ ಮಗನನ್ನು ದಿನಾ ಎತ್ತಿ ಸ್ನಾನ ಮಾಡಿಸುವ ಉಮ್ಮಂದಿರು ನಮ್ಮ ನಡುವೆ ಇದ್ದಾರೆ. ಆದರೆ ಮೌತ್ ಯಾರಿಗೂ ಹೇಳಿ ಬರುವುದಿಲ್ಲ. ನಾವು ಇಲ್ಲವಾದ ಮರುದಿನ ಆ ಮಗ ಯಾರು, ಅವನಿಗೆ ಏನಾಗಿದೆ, ಅವನಿಗೆ ಯಾವ ಹಕ್ಕಿದೆ ಎಂದು ಹೇಳಲು ಒಂದು ಕಾಗದವೂ ಇಲ್ಲದಿದ್ದರೆ ಅವನು ಅಣ್ಣ-ತಮ್ಮಂದಿರ ಮರ್ಜಿಯಲ್ಲಿ ಬದುಕಬೇಕಾಗುತ್ತದೆ. ಅರ್ಜಿ ಹಾಕುವುದು ಇವತ್ತಿನ ಹಣಕ್ಕಾಗಿ ಮಾತ್ರ ಅಲ್ಲ. ನಾವಿಲ್ಲದ ಆ ದಿನಕ್ಕಾಗಿ.

ಮೊದಲು ವಿಷಯ ತಿಳಿದುಕೊಳ್ಳೋಣ. 1995ರ ಹಳೆಯ ಕಾನೂನಿನಲ್ಲಿ ಏಳು ಬಗೆಯ ಅಂಗವೈಕಲ್ಯಗಳಷ್ಟೇ ಇದ್ದವು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಅವು 21 ಆಗಿವೆ. ಕೈಕಾಲು, ಕಣ್ಣು, ಕಿವಿಯ ತೊಂದರೆ ಮಾತ್ರವಲ್ಲ; ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಮಾನಸಿಕ ಕಾಯಿಲೆ, ಕಲಿಕಾ ನ್ಯೂನತೆ, ತಲಸೇಮಿಯಾ, ಹಿಮೋಫಿಲಿಯಾ, ಪಾರ್ಕಿನ್ಸನ್ ಎಲ್ಲವೂ ಅದರಲ್ಲಿ ಬರುತ್ತವೆ. "ನಮ್ಮ ಹುಡುಗನ ಕೈಕಾಲು ಸರಿ ಉಂಟು, ಅವನಿಗೆ ಯಾರು ಕೊಡ್ತಾರೆ?" ಎನ್ನುವವರು ಇದನ್ನು ಗಮನಿಸಬೇಕು. ಹೆಚ್ಚಿನ ಸೌಲಭ್ಯಗಳಿಗೆ ವೈದ್ಯರು ಕನಿಷ್ಠ ಶೇ. 40 ಎಂದು ಬರೆದುಕೊಡಬೇಕು.

ಇನ್ನೊಂದು ತಪ್ಪು ತಿಳುವಳಿಕೆಯೂ ಇದೆ. ಕಾರ್ಡ್ ಬೇರೆ, ಪಿಂಚಣಿ ಬೇರೆ. ಪಿಂಚಣಿಗೆ ಆದಾಯದ ಮಿತಿ ಇದೆ, ಕಾರ್ಡಿಗೆ ಇಲ್ಲ. ಅಪ್ಪ ಗಲ್ಫ್‌ನಲ್ಲಿ ದುಡಿಯುತ್ತಿದ್ದರೂ, ಮನೆಗೆ ಎರಡು ಮಹಡಿ ಇದ್ದರೂ ಮಗುವಿಗೆ ಕಾರ್ಡ್ ಪಡೆಯುವ ಹಕ್ಕಿದೆ. ಆ ಕಾರ್ಡ್ ಇದ್ದರೆ ಮುಂದೆ ವಿದ್ಯಾರ್ಥಿವೇತನ, ಪರೀಕ್ಷೆಯಲ್ಲಿ ಬರೆಯಲು ಸಹಾಯಕ ಮತ್ತು ಹೆಚ್ಚುವರಿ ಸಮಯ, ಉನ್ನತ ಶಿಕ್ಷಣದಲ್ಲಿ ಶೇ. 5 ಸೀಟು, ಸರ್ಕಾರಿ ಕೆಲಸದಲ್ಲಿ ಶೇ. 4 ಮೀಸಲಾತಿ, ರೈಲು ಮತ್ತು ಸರ್ಕಾರಿ ಬಸ್ಸಿನಲ್ಲಿ ರಿಯಾಯಿತಿ, ಇವೆಲ್ಲಕ್ಕೂ ದಾರಿ ತೆರೆಯುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ ನಿರಾಮಯ ಎಂಬ ಆರೋಗ್ಯ ವಿಮೆ ಇದೆ, ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ.

ಹಾಗಾದರೆ ನಮ್ಮವರು ಯಾಕೆ ಹಿಂಜರಿಯುತ್ತಾರೆ? ಮೂರು ಮಾತು ಪದೇ ಪದೇ ಕೇಳುತ್ತೇವೆ.

ಒಂದು, ಮರ್ಯಾದೆಯ ಮಾತು. "ಕಾರ್ಡ್ ಮಾಡಿಸಿದರೆ ಊರಿಗೆಲ್ಲ ಗೊತ್ತಾಗ್ತದೆ, ನಾಳೆ ಅವಳ ತಂಗಿಯಂದಿರ ಮದುವೆಗೆ ತೊಂದರೆ ಆಗ್ತದೆ." ಹೆಣ್ಣು ಮಕ್ಕಳ ವಿಷಯದಲ್ಲಂತೂ ಈ ಭಯ ಜಾಸ್ತಿ. ಕುಟುಂಬದ ಮದುವೆಗೂ ಕರೆದುಕೊಂಡು ಹೋಗದೆ ಒಳಕೋಣೆಯಲ್ಲಿ ಬಿಟ್ಟು ಬರುತ್ತಾರೆ. ಪ್ರವಾದಿ (ಸ) ಅವರ ಮದೀನಾದಲ್ಲಿ ಹೀಗಿರಲಿಲ್ಲ. ಕಣ್ಣು ಕಾಣದ ಅಬ್ದುಲ್ಲಾಹ್ ಇಬ್ನು ಉಮ್ಮಿ ಮಕ್ತೂಂ (ರ) ಅವರು ಮಸೀದಿಯಲ್ಲಿ ಬಾಂಗ್ ಕೊಡುತ್ತಿದ್ದರು. ಪ್ರವಾದಿಯವರು ಊರು ಬಿಟ್ಟು ಹೋಗುವಾಗ ಮದೀನಾದ ಹೊಣೆಯನ್ನೇ ಅವರಿಗೆ ಒಪ್ಪಿಸಿದ್ದೂ ಇದೆ. ಸೂರಃ ಅಬಸ ಅವತೀರ್ಣವಾದದ್ದು ಅವರ ಪ್ರಸಂಗದಲ್ಲಿ ಎಂದು ನಮ್ಮ ಮದ್ರಸದ ಮಕ್ಕಳೂ ಕಲಿತಿದ್ದಾರೆ. ಕಲಿತದ್ದು ಮನೆಯೊಳಗೆ ಬರಬೇಕಷ್ಟೆ.

ಎರಡು, "ಸರ್ಕಾರದ ಮುಂದೆ ಕೈಯೊಡ್ಡುವುದು ಬೇಡ" ಎಂಬ ಸ್ವಾಭಿಮಾನದ ಮಾತು. ಸ್ವಾಭಿಮಾನ ಒಳ್ಳೆಯದೇ. ಆದರೆ ಇದು ಭಿಕ್ಷೆ ಅಲ್ಲ, ಹಕ್ಕು. ಕ್ರಿ.ಶ. 705ರಿಂದ 715ರವರೆಗೆ ಆಳಿದ ಉಮಯ್ಯಾ ಖಲೀಫ ವಲೀದ್ ಅವರು ನಡೆಯಲಾಗದವರಿಗೆ ಸೇವಕರನ್ನೂ, ಕಣ್ಣು ಕಾಣದವರಿಗೆ ಕೈಹಿಡಿದು ನಡೆಸುವವರನ್ನೂ ಸರ್ಕಾರದ ವತಿಯಿಂದಲೇ ನೇಮಿಸಿದ್ದರೆಂದು ಇತಿಹಾಸಕಾರರು ಬರೆದಿದ್ದಾರೆ. ಜನ ಅವರಿವರಲ್ಲಿ ಬೇಡುವಂತಾಗಬಾರದು ಎಂಬುದೇ ಅದರ ಉದ್ದೇಶವಾಗಿತ್ತು. ಅಂಗಡಿಯಲ್ಲಿ ಒಂದು ಸೋಪು ತೆಗೆದುಕೊಂಡರೂ ನಾವು ತೆರಿಗೆ ಕಟ್ಟುತ್ತೇವೆ. ಅದರಲ್ಲಿ ಈ ಮಕ್ಕಳ ಪಾಲೂ ಉಂಟು.

ಮೂರು, "ತಿಂಗಳಿಗೆ 800 ರೂಪಾಯಿಗೆ ಅಷ್ಟು ಅಲೆದಾಟ ಯಾರಿಗೆ ಬೇಕು?" ಎಂಬ ಮಾತು. ಈ ಮಾತಿನಲ್ಲಿ ಅರ್ಧ ಸತ್ಯ ಇದೆ. ಶೇ. 40ರಿಂದ 75ರವರೆಗಿನವರಿಗೆ 800, ಅದಕ್ಕಿಂತ ಮೇಲಿನವರಿಗೆ 1,400 ಎಂಬ ಪಿಂಚಣಿ ಇವತ್ತಿನ ಔಷಧಿ, ಡಯಾಪರ್ ಖರ್ಚಿಗೆ ಏನೇನೂ ಸಾಲದು. ಅದನ್ನು ಹೆಚ್ಚಿಸಬೇಕೆಂದು ಸರ್ಕಾರವನ್ನು ಕೇಳಲೇಬೇಕು. ಆದರೆ ಅರ್ಜಿಯನ್ನೇ ಹಾಕದವರು ಲೆಕ್ಕಕ್ಕೇ ಬರುವುದಿಲ್ಲ. ಪಟ್ಟಿಯಲ್ಲಿ ಇಲ್ಲದವರ ಪರವಾಗಿ ಯಾರು ಮಾತಾಡುತ್ತಾರೆ?

ಅಲೆದಾಟ ಇದೆ ಎಂಬುದು ನಿಜ. ಅದರಲ್ಲಿ ಒಂದು ಭಾಗಕ್ಕೆ ಕಾರಣ ನಮ್ಮ ಕಾಗದಪತ್ರಗಳೇ. ಆಧಾರ್‌ನಲ್ಲಿ ಮುಹಮ್ಮದ್, ರೇಷನ್ ಕಾರ್ಡಿನಲ್ಲಿ ಮಹಮ್ಮದ್, ಶಾಲೆಯಲ್ಲಿ ಮೊಹಮ್ಮದ್. ತಾಯಿ ಒಂದು ಕಡೆ ಫಾತಿಮಾ, ಇನ್ನೊಂದು ಕಡೆ ಪಾತುಮ್ಮ, ಮತ್ತೊಂದು ಕಡೆ ಬೀಫಾತಿಮಾ. ಕಂಪ್ಯೂಟರಿಗೆ ಇವರೆಲ್ಲ ಬೇರೆ ಬೇರೆ ಜನ. ಮಕ್ಕಳ ಆಧಾರನ್ನು 5 ಮತ್ತು 15ನೇ ವಯಸ್ಸಿನಲ್ಲಿ ಅಪ್‌ಡೇಟ್ ಮಾಡಿಸಬೇಕು, ಅದನ್ನು ಮರೆಯುತ್ತೇವೆ. ಬೆರಳು ಮಡಚಿಕೊಂಡಿರುವ ಮಗುವಿನ ಬೆರಳಚ್ಚು ಬರುವುದಿಲ್ಲ ಎಂದು ವಾಪಸ್ ಕಳಿಸಿದರೆ ಸುಮ್ಮನೆ ಬರಬೇಡಿ. ಅಂಥವರಿಗಾಗಿ ಆಧಾರ್‌ನಲ್ಲೇ ವಿನಾಯಿತಿಯ ವ್ಯವಸ್ಥೆ ಇದೆ, ಕೇಳಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಕೆಲವರ ಪ್ರಮಾಣಪತ್ರಕ್ಕೆ ವಾಯಿದೆ ಇರುತ್ತದೆ. ಆ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕಿಡಿ.

ದಾರಿ ಹೀಗಿದೆ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಆಮೇಲೆ ವೈದ್ಯಕೀಯ ತಪಾಸಣೆ. ಮಂಗಳೂರಿನಲ್ಲಾದರೆ ವೆನ್‌ಲಾಕ್, ಉಡುಪಿಯಲ್ಲಾದರೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ. ಹಳೆಯ ಸ್ಕ್ಯಾನ್, ರಿಪೋರ್ಟ್ ಎಲ್ಲವನ್ನೂ ಒಂದು ಫೈಲಿನಲ್ಲಿ ಕೊಂಡುಹೋಗಿ. ಕಾರ್ಡ್ ಬಂದ ಮೇಲೆ ಪಿಂಚಣಿಗೆ ನಾಡಕಚೇರಿಯಲ್ಲಿ ಅರ್ಜಿ. ಗ್ರಾಮ ಪಂಚಾಯತ್‌ಗಳಲ್ಲಿ ಇದಕ್ಕೆಂದೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ತಾಲೂಕಿಗೆ ಎಂಆರ್‌ಡಬ್ಲ್ಯು, ಪಟ್ಟಣದಲ್ಲಿ ಯುಆರ್‌ಡಬ್ಲ್ಯು. ಅವರ ಪರಿಚಯ ಮಾಡಿಕೊಳ್ಳಿ. ವೈದ್ಯರ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೂ ಕಾನೂನಿನಲ್ಲಿ ಅವಕಾಶ ಇದೆ. ಕಾರ್ಡಿನ ಅರ್ಜಿಗೆ ಸರ್ಕಾರಿ ಶುಲ್ಕ ಇಲ್ಲ. "ಪರ್ಸೆಂಟೇಜ್ ಜಾಸ್ತಿ ಮಾಡಿಸಿ ಕೊಡ್ತೇನೆ" ಎನ್ನುವ ಬ್ರೋಕರ್‌ಗಳ ಬಲೆಗೆ ಬೀಳಬೇಡಿ. ಸುಳ್ಳು ಹೇಳಿ ಸೌಲಭ್ಯ ಪಡೆದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಅದಕ್ಕಿಂತ ದೊಡ್ಡದು, ಅದು ಹರಾಮ್. ಒಬ್ಬ ನಿಜವಾದ ಅಂಗವಿಕಲನ ಪಾಲನ್ನು ಕಸಿದಂತೆ.

ಇನ್ನೊಂದು ವಿಷಯ ಯಾರೂ ಯೋಚಿಸುವುದಿಲ್ಲ. ಬುದ್ಧಿಮಾಂದ್ಯ ಇರುವ ಮಗನಿಗೆ 18 ತುಂಬಿದ ಕೂಡಲೇ ಕಾನೂನಿನ ಕಣ್ಣಿನಲ್ಲಿ ಅವನು ದೊಡ್ಡವನು. ಉಪ್ಪ ಬಿಟ್ಟುಹೋದ ಜಾಗದಲ್ಲಿ ಅವನಿಗೂ ಪಾಲಿದೆ, ಆದರೆ ಸಹಿ ಹಾಕಲು ಅವನಿಂದಾಗುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿ ಅವನಿಗೆ ಪೋಷಕರನ್ನು ನೇಮಿಸಬಹುದು. ತಾಯಿ-ತಂದೆ ಬದುಕಿರುವಾಗಲೇ ಈ ಕೆಲಸ ಆಗಬೇಕು. ತಮ್ಮ ಸೊತ್ತು ನೋಡಿಕೊಳ್ಳಲಾಗದವರ ಹಣದ ಬಗ್ಗೆ ಸೂರಃ ನಿಸಾದಲ್ಲೇ ಎಚ್ಚರಿಕೆ ಇದೆ. ಅದು ನಮ್ಮ ಕೈಯಲ್ಲಿರುವ ಅಮಾನತ್.

ಇಷ್ಟೆಲ್ಲವನ್ನು ಒಬ್ಬ ಉಮ್ಮ ಒಬ್ಬಳೇ ಮಾಡಬೇಕೆಂದರೆ ಹೇಗೆ? ಗಂಡ ಜುಬೈಲ್‌ನಲ್ಲಿ, ಸೊಂಟದಲ್ಲಿ ಹತ್ತು ವರ್ಷದ ಮಗು, ಕೈಯಲ್ಲಿ ಫೈಲು. ಒಂದು ಸಹಿಗೆ ಎರಡು ಬಸ್ಸು. ಇಲ್ಲಿಯೇ ಜಮಾಅತ್‌ನ ಕೆಲಸ ಇರುವುದು. ಕಿಟ್ ಕೊಡಲು ಮಾಡಿದ ಪಟ್ಟಿ ಹೇಗೂ ಇದೆ. ಅದಕ್ಕೆ ಇನ್ನೆರಡು ಕಾಲಂ ಸೇರಿಸಿ: ಕಾರ್ಡ್ ಇದೆಯೇ, ವಾಯಿದೆ ಯಾವಾಗ? ವರ್ಷಕ್ಕೊಮ್ಮೆ ಮದ್ರಸದ ಹಾಲ್‌ನಲ್ಲಿ ಪುನರ್ವಸತಿ ಕಾರ್ಯಕರ್ತರನ್ನು ಕೂರಿಸಿ, ಲ್ಯಾಪ್‌ಟಾಪ್ ಇರುವ ಇಬ್ಬರು ಡಿಗ್ರಿ ಹುಡುಗ-ಹುಡುಗಿಯರನ್ನು ಜೊತೆಗಿರಿಸಿ ಅರ್ಜಿ ತುಂಬಿಸಿ. ಆಸ್ಪತ್ರೆಯ ದಿನಕ್ಕೆ ಒಂದು ವಾಹನ ಮಾಡಿಕೊಡಿ. ಶುಕ್ರವಾರ ಖತೀಬ್ ಉಸ್ತಾದರು ಐದು ನಿಮಿಷ ಈ ಬಗ್ಗೆ ಮಾತಾಡಿದರೆ ಹಲವು ಮನೆಗಳ ನಾಚಿಕೆ ಕರಗುತ್ತದೆ. ಊರಿನವರೆಲ್ಲರಿಗೂ ಬಾಗಿಲು ತೆರೆದಿರಲಿ. ಪಕ್ಕದ ಮನೆಯ ಹಿಂದೂ, ಕ್ರೈಸ್ತ ಮಗುವಿಗೂ ಅದೇ ಕಾರ್ಡ್ ಬೇಕು.

ಮುಂದಿನ ಜುಮಾದ ನಂತರ ಕಮಿಟಿಯವರು ಹತ್ತು ನಿಮಿಷ ಕುಳಿತರೆ ಸಾಕು, ಮೊಹಲ್ಲಾದಲ್ಲಿ ಕಾರ್ಡ್ ಇಲ್ಲದವರು ಎಷ್ಟು ಮಂದಿ ಎಂದು ಗೊತ್ತಾಗುತ್ತದೆ. ಶುರು ಮಾಡಲು ಅಷ್ಟು ಸಾಕು.